ಗಂಟಲಿನದೆಷ್ಟು, ಮೈಕಿನದೆಷ್ಟು?

ಹೊಸದುರ್ಗದ ನಮ್ಮ ಬೀಗರ ಮನೆ ಹುಡುಗ ಈಗೀಗ ಹಾಡುವುದಿಲ್ಲ, ‘ಟೆಕ್ನಿಕ್’ ಮಾಡುತ್ತಾನೆ. ಬೆಳಗಾಗೆದ್ದು ಮಾಳಿಗೆ ಹತ್ತಿ ಗಂಟಲ ತಳದಿಂದ ‘ಕರ್ರ್‌ರ್’ ಅನ್ನುತ್ತಾನೆ. ಮಗನಿಗೆ ಕಫ ಕಟ್ಟಿದೆ ಅಂತ ಅವರಮ್ಮ ಶುಂಠಿ-ಮೆಣಸಿನ ಕಷಾಯ ಕಾಸಿಟ್ಟುಕೊಂಡು ಕಾಯುತ್ತಾರೆ. ‘ಕಫ ಅಲ್ಲಮ್ಮ, ವೋಕಲ್ ಫ್ರೈ’ ಅಂದನಂತೆ. ಅವತ್ತಿನಿಂದ ಮನೆಯಲ್ಲಿ ಬೋಂಡ-ಬಜ್ಜಿ ಬಂದ್!

ಹುಡುಗ ಹೇಳಿದ್ದು ಸುಳ್ಳಲ್ಲ. ಗಂಟಲಿನ ಧ್ವನಿತಂತುಗಳನ್ನು ಸಡಿಲ ಬಿಟ್ಟರೆ ಅವು ತಡೆದು ತಡೆದು ಅದುರಿ ಕರಕರ ಅನ್ನುತ್ತವೆ. ಪಾಪ್ ಗಾಯಕರು ಸಾಲಿನ ಶುರುವಿಗೆ ಅದನ್ನೊಂದಿಷ್ಟು ಹಾಕುತ್ತಾರೆ, ಈಗಷ್ಟೇ ಹಾಸಿಗೆಯಿಂದೆದ್ದು ನಿಮಗೋಸ್ಕರವೇ ಹಾಡುತ್ತಿರುವ ಹಾಗೆ. ಇನ್ನು ಫಾಲ್ಸೆಟೊ. ಎದೆ ಮೇಲೆ ಅಂಗೈ ಇಟ್ಟು ಮೇಲು ಸ್ವರಕ್ಕೆ ಹೋಗಿ. ಕೈಗೆ ತಾಗುತ್ತಿದ್ದ ಅದುರು ಮಾಯವಾಗಿ ದನಿ ತೆಳ್ಳಗಾಯಿತೋ, ಅದೇ. ನಮ್ಮ ಸಂಗೀತದ ಮೇಷ್ಟ್ರುಗಳು ‘ಕಳ್ಳಧ್ವನಿ’ ಅಂತ ಬೈದು ಬಿಡಿಸುತ್ತಿದ್ದುದನ್ನೇ ಈಗ ಫೀಸು ಕಟ್ಟಿ ಕಲಿಯುತ್ತಾರೆ ನೋಡಿ.

ಗಂಟಲಿನ ವಿದ್ಯೆ ಕಲಿಯಲು ಅಮೆರಿಕದ ಪಾಪ್ ಹಾಡೇ ಬೇಕೇ? ಚಿತ್ರದುರ್ಗದವರಿಗೆ ‘ನಾಗರಹಾವು’ ಇದೆಯಲ್ಲ! 1972ರ ಪುಟ್ಟಣ್ಣ ಕಣಗಾಲರ ಚಿತ್ರ, ವಿಜಯಭಾಸ್ಕರ್ ಸಂಗೀತ, ನಮ್ಮದೇ ಕೋಟೆ. ನಾಯಕ ರಾಮಾಚಾರಿ ಒಬ್ಬನೇ, ಗಂಟಲು ಎರಡು. ಪ್ರೀತಿಗೆ ಪಿ.ಬಿ. ಶ್ರೀನಿವಾಸ್, ಹಾವಿನ ಸೇಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ. ಬಾಲು ಮಾತಿಗೆ ಕಚ್ಚು ಕೊಡುತ್ತಾರೆ, ಒತ್ತಕ್ಷರದ ಮೇಲೆ ಕುಟ್ಟುತ್ತಾರೆ. ಪಿ.ಬಿ.ಎಸ್. ಅದೇ ಚಿತ್ರದಲ್ಲಿ ಒನಕೆ ಓಬವ್ವ ಶತ್ರುಗಳ ತಲೆ ಒಡೆಯುವ ಕಥೆಯನ್ನು ಹಾಡಿದರೂ ಗಂಟಲು ಹರಿದುಕೊಳ್ಳುವುದಿಲ್ಲ. ದನಿ ಮೆತ್ತಗಿದೆ, ಆದರೆ ಒಂದಿಷ್ಟೂ ಗಾಳಿ ಸೋರುವುದಿಲ್ಲ. ನಮ್ಮ ಹುಡುಗ ಮೆತ್ತಗೆ ಹಾಡಲು ಹೋದರೆ ಪಂಚರಾದ ಟ್ಯೂಬಿನ ಹಾಗೆ ಸುಸ್ಸೆನ್ನುತ್ತಾನೆ. ಉಸಿರು ಬೆರೆಸುವ ವಿದ್ಯೆಯೇ ಬೇಕೆಂದರೆ ಎಲ್.ಆರ್. ಈಶ್ವರಿಯವರ ಕ್ಯಾಬರೆ ಹಾಡು ಕೇಳಲಿ, ಎಷ್ಟು ಬೇಕೋ ಅಷ್ಟೇ ಸೋರಿಸುತ್ತಾರೆ.

ಒಂದು ಮಾತು ಮಾತ್ರ ನಿಜ. ಮೈಕಿಲ್ಲದ ಕಾಲದಲ್ಲಿ ಪಿ.ಬಿ.ಎಸ್. ದನಿಗೆ ಕಂಪನಿ ನಾಟಕದಲ್ಲಿ ಪಾರ್ಟು ಸಿಗುತ್ತಿರಲಿಲ್ಲ. ಪಿಸುಮಾತನ್ನು ಹಾಡು ಮಾಡಿದ್ದೇ ಮೈಕು. ಆಮೇಲೆ ಬಂತು ಶ್ರುತಿ ತಿದ್ದುವ ಆಟೋಟ್ಯೂನ್, 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ಭೂಮಿಯೊಳಗೆ ಸದ್ದು ಕಳಿಸಿ ತೈಲ ಹುಡುಕುವ ಲೆಕ್ಕದಲ್ಲಿದ್ದವನು. ಹಿರಿಯೂರಿನ ತೋಟಗಳಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುವವರೂ ಮನಸ್ಸು ಮಾಡಿದ್ದರೆ ಶ್ರುತಿ ಹುಡುಕಿ ಕೊಡುತ್ತಿದ್ದರೋ ಏನೋ! ಆಟೋಟ್ಯೂನ್ ಜಾಸ್ತಿ ಹಾಕಿದ್ದರೆ ಪತ್ತೆ ಮಾಡುವುದೂ ಸುಲಭ: ಸ್ವರದಿಂದ ಸ್ವರಕ್ಕೆ ಜಾರದೆ ಮೆಟ್ಟಿಲು ಹಾರಿದಂತೆ ಕೇಳಿದರೆ, ಅದು ಯಂತ್ರದ ಕೆಲಸ. ಅಂಥದ್ದನ್ನು ಗಂಟಲಲ್ಲಿ ಕಲಿಯಲು ಹೊರಟವನಿಗೆ ಯಾವ ಕಷಾಯವೂ ಸಾಲದು.

ನಮ್ಮ ರಸಮಂಜರಿಗಳಲ್ಲಿ ಈ ಯಂತ್ರದ ಬಡ ತಮ್ಮನಿದ್ದಾನೆ: ಎಕೋ. ಹೊಳಲ್ಕೆರೆಯಾಗಲಿ ದುರ್ಗವಾಗಲಿ, ಗಣಪತಿ ಪೆಂಡಾಲಿನಲ್ಲಿ ಗಾಯಕ ಮೊದಲು ನೋಡುವುದು ಗಣಪತಿಯ ಕಡೆಗಲ್ಲ, ಮೈಕ್‌ಸೆಟ್‌ನವನ ಕಡೆಗೆ. ‘ಅಣ್ಣಾ, ಎಕೋ ಸ್ವಲ್ಪ ಜಾಸ್ತಿ ಕೊಡು!’ ಕೊಟ್ಟ ಮೇಲೆ ಒಂದು ಅಪಸ್ವರ ನಾಲ್ಕಾಗಿ ಕೇಳುತ್ತದೆ, ಚಪ್ಪಾಳೆಯೂ ನಾಲ್ಕು ಪಟ್ಟು.

ಬರೀ ಗಂಟಲಿನ ಪಾಠ ಬೇಕಾದವರು ಸಾಣೇಹಳ್ಳಿಗೆ ಹೋಗಿ ಶಿವಸಂಚಾರ ನಾಟಕ ತಂಡದ ಕಲಾವಿದರು ಬಯಲು ರಂಗಮಂದಿರದಲ್ಲಿ ಹಾಡುವುದನ್ನು ಕೇಳಲಿ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಜನಪದ ಗಾಯಕಿ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ಯಾರ ಹತ್ತಿರವೂ ಎಕೋ ಕೇಳಿದವರಲ್ಲ.

ಈ ಸಲ ಗಣಪತಿಗೆ ಹಾಡುವ ಅಣ್ತಮ್ಮಂದಿರೇ, ಅಕ್ಕತಂಗಿಯರೇ, ಫ್ರೈ ಮಾಡಿ, ಕಳ್ಳಧ್ವನಿ ತೆಗೀರಿ, ನಮ್ಮದೇನೂ ಅಡ್ಡಿಯಿಲ್ಲ. ಮೊದಲ ಪಲ್ಲವಿ ಮಾತ್ರ ಎಕೋ ಬಂದ್ ಮಾಡಿಸಿ ಹಾಡಿ. ಆಮೇಲೂ ಜನ ಕೂತಿದ್ದರೆ ಮುಂದುವರಿಸಿ.