ಸ್ಟ್ಯಾಂಡಿಲ್ಲದ ಸೈಕಲ್ಲಿನ ರಾಯರು

ನಮ್ಮ ಬಡಾವಣೆಯ ರಾಯರು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಗೇಟು ತೆಗೆದರೆ ಬೀದಿನಾಯಿಗಳು ಬೊಗಳುವುದನ್ನೂ ಮರೆತು ನೋಡುತ್ತವೆ. ಮೈಗಂಟಿದ ಗಿಳಿಹಸಿರು ಜೆರ್ಸಿ, ಕೂರುವ ಜಾಗಕ್ಕೆ ದಿಂಬು ಹೊಲಿದ ಚಡ್ಡಿ, ನಡೆದರೆ ಟಕಟಕ ಎನ್ನುವ ಬೂಟು. ಈ ವೇಷದಲ್ಲಿ ಅವರು ಹೆಬ್ಬಾಳ, ದೇವನಹಳ್ಳಿ ದಾಟಿ, ಸುಮಾರು 60 ಕಿ.ಮೀ. ದೂರದ ನಂದಿಬೆಟ್ಟ ಹತ್ತುತ್ತಾರೆ. 1,478 ಮೀಟರ್ ಎತ್ತರದಲ್ಲಿ ಫೋಟೊ ಹೊಡೆಸಿಕೊಂಡು, ಇಳಿದು ಬಂದು, ಕರಗಿಸಿದ ಕ್ಯಾಲರಿಯನ್ನು ಎರಡು ಮಸಾಲೆ ದೋಸೆಯ ಮೂಲಕ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಹನ್ನೊಂದಕ್ಕೆ ಮನೆ. ಹನ್ನೊಂದೂಕಾಲಿಗೆ ಬೀದಿ ತುದಿಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಕಾರು ಹೊರಗೆ ತೆಗೆಯುತ್ತಾರೆ.

"ಸೈಕಲ್ಲಿದೆಯಲ್ಲ ರಾಯರೇ?" ಎಂದರೆ ನಮ್ಮ ಅಜ್ಞಾನಕ್ಕೆ ಮರುಗುತ್ತಾರೆ. ಅದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಅವರು ಎರಡು ಲಕ್ಷ ಕೊಟ್ಟಿರುವುದು. "ಕಿರುಬೆರಳಲ್ಲಿ ಎತ್ತಬಹುದು ಸ್ವಾಮಿ!" ಎಂಬುದು ಅವರ ಹೆಮ್ಮೆ. ಸೊಪ್ಪು ಆರಿಸುವಷ್ಟರಲ್ಲಿ ಯಾರಾದರೂ ಕಿರುಬೆರಳಲ್ಲಿ ಎತ್ತಿಕೊಂಡು ಹೋದಾರೆಂಬುದು ಅವರ ಭಯ.

ರೇಸಿನ ಸೈಕಲ್ಲು 6.8 ಕೆ.ಜಿ.ಗಿಂತ ಹಗುರ ಇರಕೂಡದೆಂದು ಅಂತಾರಾಷ್ಟ್ರೀಯ ಸಂಸ್ಥೆ ಯುಸಿಐ ನಿಯಮ ಮಾಡಿದೆ. ರಾಯರು ಯಾವ ರೇಸಿಗೂ ಹೋಗುವವರಲ್ಲ. ಆದರೂ ತಮ್ಮದು 7.4 ತೂಗುತ್ತದಲ್ಲ ಎಂದು ನಿದ್ದೆಗೆಟ್ಟಿದ್ದಾರೆ. ಹೊಟ್ಟೆಯ ಹನ್ನೆರಡು ಕೆ.ಜಿ. ಆ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಬೆಟ್ಟದ ಬುಡದಲ್ಲಿ ಸೈಕಲ್ ಮೇಲೆ ಎಳನೀರು ತಂದು ಮಾರುವವನನ್ನು ಕೇಳಿದರಂತೆ: "ನಿನ್ ಸೈಕಲ್ ಎಷ್ಟು ಕೆ.ಜಿ.ನಪ್ಪ?" ಅವನು ಮಚ್ಚು ಎತ್ತಿದವನು ಹಾಗೇ ನಿಂತು, "ಕಾಯಿ ಸೇರ್ಸಿನಾ, ಬಿಟ್ಟಾ ಸಾ?" ಎಂದನಂತೆ.

ಸೊಪ್ಪಿಗೆ ಕಾರು ತೆಗೆಯುವುದರ ಅಸಲು ಕಾರಣ ಭಾರವೂ ಅಲ್ಲ, ಕಳ್ಳರ ಭಯವೂ ಅಲ್ಲ. ಹೆಲ್ಮೆಟ್ಟು, ಜೆರ್ಸಿ ಇದ್ದರೆ ಅದು ಕ್ರೀಡೆ. ವಾಚ್‌ಮನ್ ಸೆಲ್ಯೂಟ್ ಹೊಡೆಯುತ್ತಾನೆ. ಪೈಜಾಮ ತೊಟ್ಟು, ಹ್ಯಾಂಡಲ್ಲಿಗೆ ಬಟ್ಟೆ ಚೀಲ ನೇತುಹಾಕಿದರೆ ಅದೇ ಸೈಕಲ್ಲು ಬಡತನ. ಮಗನ ಹಳೇ ಸೈಕಲ್ಲಿನಲ್ಲಿ ಹಾಗೊಮ್ಮೆ ಹೋದಾಗ ಎದುರುಮನೆಯವರು "ಕಾರು ಮಾರಿಬಿಟ್ರಾ? ಏನಾದ್ರೂ ತೊಂದರೇನಾ?" ಎಂದು ದನಿ ತಗ್ಗಿಸಿ ಕೇಳಿದ್ದರು. ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗಿನಿಂದ ಹಳ್ಳಿ ಹುಡುಗಿಯರು ಪಾಟಿಚೀಲದ ಜೊತೆ ತಮ್ಮನನ್ನೂ ಹಿಂದೆ ಕೂರಿಸಿಕೊಂಡು ತುಳಿಯುತ್ತಿದ್ದಾರೆ. ಅವರನ್ನು ಯಾರೂ "ಆವರೇಜ್ ಸ್ಪೀಡ್ ಎಷ್ಟು?" ಎಂದು ಕೇಳುವುದಿಲ್ಲ. ಮೊದಲ ಗಂಟೆ ಹೊಡೆಯುವುದರೊಳಗೆ ಮುಟ್ಟಿದರೆ ಆಯಿತು.

ಕೊನೆಗೆ ಗಡಿ ದಾಟಿಸಿದ್ದು ರಾಯರ ಮನೆಯಾಕೆ. "ರೀ, ನಂದಿಯಿಂದ ಬರ್ತಾ ಒಂದು ನಂದಿನಿ ತನ್ನಿ."

"ಅರ್ಧ ಲೀಟರ್ ಅಂದ್ರೆ ಅರ್ಧ ಕೆ.ಜಿ. ಕಣೇ! ಅಷ್ಟು ಭಾರ ಇಳಿಸೋಕೆ ಮೂವತ್ತು ಸಾವಿರ ಸುರಿದಿದೀನಿ."

"ಬೆನ್ನ ಮೇಲೆ ಮೂರು ಜೇಬಿವೆಯಲ್ಲ, ಅವು ಯಾತಕ್ಕೆ?"

ಎನರ್ಜಿ ಜೆಲ್ಲಿಗೆ ಎನ್ನುವ ಧೈರ್ಯ ರಾಯರಿಗೆ ಬರಲಿಲ್ಲ. ಆ ಭಾನುವಾರ ಅವರು ಒಂದು ಜೇಬಿನಲ್ಲಿ ಹಾಲು, ಇನ್ನೊಂದರಲ್ಲಿ ಹಸಿಮೆಣಸಿನಕಾಯಿ, ನಡುವಿನದರಲ್ಲಿ ಬಾಲದಂತೆ ಅಲ್ಲಾಡುವ ಕೊತ್ತಂಬರಿ ಕಟ್ಟು ಇಟ್ಟುಕೊಂಡು ಬಂದದ್ದನ್ನು ಇಡೀ ಬೀದಿ ನೋಡಿತು. ಬೆನ್ನಿನ ಶಾಖಕ್ಕೆ ಹಾಲು ಅರ್ಧ ಕಾದೇ ಬಂದಿತ್ತು. ಮನೆಯಾಕೆ ಗ್ಯಾಸ್ ಉಳಿಯಿತೆಂದು ಮೆಚ್ಚಿ, "ಬರೋ ವಾರ ಎರಡು ತೆಂಗಿನಕಾಯಿ" ಎಂದು ಆರ್ಡರ್ ಕೊಟ್ಟರು.

ಮಧ್ಯಾಹ್ನ ರಾಯರು ಟೆರೇಸಿಗೆ ಹೋಗಿ ಸೈಕಲ್ ಅಂಗಡಿಗೆ ಫೋನ್ ಮಾಡುತ್ತಿದ್ದರು. ಮೆತ್ತಗೆ ಮಾತಾಡಿದರೂ ಪಕ್ಕದ ಟೆರೇಸಿಗೆ ಕೇಳಿಸಿತು: "ಅಲ್ಲಪ್ಪಾ, ಕಾರ್ಬನ್ನಲ್ಲಿ ಕ್ಯಾರಿಯರ್ ಬರುತ್ತಾ? ಎಷ್ಟು ಗ್ರಾಂ ಆಗಬಹುದು?"