ಕೊನೇ ಪಂಕ್ತಿಯ ಗಾಳಿ

ಅಮೆರಿಕದಲ್ಲಿ ಹಳೇ ಪಿಕಪ್ ಟ್ರಕ್ಕಿನ ಹುಚ್ಚು ಹತ್ತಿದವನು ದುಡ್ಡನ್ನೆಲ್ಲ ಸುರಿಯುವುದು ಎಂಜಿನ್ನಿಗೆ. ಫೀನಿಕ್ಸ್ ಊರಿನವನು, 1972ರ ಶೆವ್ರೊಲೆ ಸಿ-10 ಇಟ್ಟುಕೊಂಡವನು ಅಂದುಕೊಳ್ಳೋಣ. ಆರು ಸಿಲಿಂಡರಿನ ಸಾಧು ಎಂಜಿನ್ ಇಳಿಸಿ, 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ-8 ಕೂರಿಸಿದ್ದಾನೆ. ಬೋರ್ ಮಾಡಿಸಿದ್ದಾಯಿತು, ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸವು, ಮೇಲೆ ಫಳಫಳ ಕ್ರೋಮಿನ ಮುಚ್ಚಳ ಬೇರೆ. ಮುಂದೆ ನಿಂತ ರೇಡಿಯೇಟರ್ ಮಾತ್ರ ಆ ಹಳೇ ಸಾಧುವಿನದೇ. ಸಿಗ್ನಲ್ಲಿನಲ್ಲಿ ಟೆಂಪರೇಚರ್ ಮುಳ್ಳು ಏರತೊಡಗಿದಾಗಲೇ ಅವನಿಗೆ ಅದರ ನೆನಪಾಗುವುದು.

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಚಕ್ರಕ್ಕೆ ಹೋಗದೆ ನೀರಿಗೆ ಹೋಗುತ್ತದೆ. ಹೊಸ ರಿಂಗುಗಳು ಪಳಗುವ ತನಕ ಉಜ್ಜಾಟದ ಬಿಸಿ ಇನ್ನಷ್ಟು.

ಸರಿ, ಗೆಳೆಯರ ಸಲಹಾ ಮಂಡಳಿ ಸೇರುತ್ತದೆ. ಹೊಸ ರೇಡಿಯೇಟರ್ ಯಾವ ಲೋಹದ್ದಿರಬೇಕು ಎನ್ನುವುದಕ್ಕೆ ತಕ್ಷಣ ಎರಡು ಪಕ್ಷ. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಎಷ್ಟೋ ಚೆನ್ನಾಗಿ ಶಾಖ ಸಾಗಿಸುತ್ತದೆ ಎಂದು ತಾಮ್ರಪಕ್ಷದವರು ಮೇಜು ಗುದ್ದುತ್ತಾರೆ. ಮಾತು ನಿಜವೇ. ಆದರೆ ಆ ರೇಡಿಯೇಟರಿನಲ್ಲಿ ತಾಮ್ರವಿರುವುದು ರೆಕ್ಕೆಗಳಲ್ಲಿ. ಕೊಳವೆ ಹಿತ್ತಾಳೆ, ನಡುವಿನ ಬೆಸುಗೆ ಸೀಸ-ತವರ. ಶಾಖ ಸಾಗಿಸುವುದರಲ್ಲಿ ಇವೆರಡೂ ತಾಮ್ರದ ಹತ್ತಿರ ಸುಳಿಯುವುದಿಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಒಂದಿಂಚು ಅಗಲದ ಕೊಳವೆ ಮಾಡಬಹುದು. ಅಂಥವು ಎರಡು ಸಾಲಿದ್ದರೆ ಅರ್ಧ ಇಂಚಿನ ನಾಲ್ಕು ಸಾಲಿನ ಕೆಲಸ ಆಗುತ್ತದೆ, ತೂಕವೂ ಕಡಿಮೆ. ತೂತು ಬಿದ್ದರೆ ಮಾತ್ರ ತಾಮ್ರಪಕ್ಷಕ್ಕೇ ಗೆಲುವು: ಬೆಸುಗೆ ಬಲ್ಲವನು ಸಂಜೆಯೊಳಗೆ ಮುಚ್ಚಿಕೊಡುತ್ತಾನೆ. ಹಳೇ ಕಳೆ ಹೋಗಬಾರದು ಎನ್ನುವ ಮಡಿವಂತರು ಅಲ್ಯೂಮಿನಿಯಮ್ ಕೊಂಡು, ಕಪ್ಪು ಬಣ್ಣ ಬಳಿದು, ಬಾಯಿ ಮುಚ್ಚಿಕೊಂಡಿರುತ್ತಾರೆ.

ಸಾಲು ಜಾಸ್ತಿಯಾದಷ್ಟೂ ತಂಪು ಎನ್ನುವುದು ಇನ್ನೊಂದು ಭ್ರಮೆ. ಮದುವೆಮನೆಯ ಕೊನೇ ಪಂಕ್ತಿಯವರಿಗೆ ಹೋಳಿಗೆ ಮುಗಿದು ಬರೀ ತಿಳಿಸಾರು ಸಿಕ್ಕ ಹಾಗೆ, ನಾಲ್ಕನೇ ಸಾಲಿಗೆ ತಲುಪುವುದು ಮುಂದಿನ ಮೂರು ಸಾಲು ಬಳಸಿ ಬಿಸಿಯಾಗಿಸಿದ ಗಾಳಿ. ಕೊಳವೆ ಎಣಿಸುವ ಚಟಕ್ಕೆ ವಂಶಾವಳಿಯೂ ಇದೆಯೆನ್ನಿ: 1901ರ ಮರ್ಸಿಡಿಸ್‌ಗೆ ವಿಲ್ಹೆಲ್ಮ್ ಮೈಬಾಖ್ 8,070 ಪುಟ್ಟ ಕೊಳವೆಗಳನ್ನು ಬೆಸೆದು ರೇಡಿಯೇಟರ್ ಮಾಡಿಸಿದ್ದ.

ಈ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಒಂದೇ: ಫ್ಯಾನಿನ ಸುತ್ತ ಶ್ರೌಡ್ ಇದೆಯೇ? ಹಾಗೆಂದರೆ ಫ್ಯಾನನ್ನು ಬಳಸಿ ರೇಡಿಯೇಟರಿಗೆ ಅಂಟಿ ನಿಲ್ಲುವ ಕವಚ, ಅಷ್ಟೇ. ಅದಿಲ್ಲದ ಫ್ಯಾನು ತನ್ನೆದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ; ನಾಲ್ಕು ಮೂಲೆಗೂ ರಜೆ. ಹೆದ್ದಾರಿಯಲ್ಲಿ ತಣ್ಣಗಿದ್ದು ಸಿಗ್ನಲ್ಲಿನಲ್ಲಿ ಕುದಿಯುವ ಟ್ರಕ್ಕಿಗೆ ಮೊದಲು ನೋಡಬೇಕಾದ್ದು ಇದು. ರೇಡಿಯೇಟರಿನ ಮುಚ್ಚಳವನ್ನೂ ಅಲ್ಪವೆನ್ನಬಾರದು: 15 ಪೌಂಡ್ ಒತ್ತಡದ್ದಾದರೆ, ಅರ್ಧ ನೀರು ಅರ್ಧ ಗ್ಲೈಕಾಲಿನ ಕೂಲೆಂಟ್ ಕುದಿಯುವುದು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹಳೇ ಟ್ಯಾಂಕು ಅಷ್ಟು ಒತ್ತಡ ತಡೆಯಬೇಕಲ್ಲ, ಅದು ಬೇರೆ ಮಾತು.

ಆರ್ಡರ್ ಮಾಡಿದ ಪೆಟ್ಟಿಗೆ ಬರುವವರೆಗೆ ನಮ್ಮ ಫೀನಿಕ್ಸಿನವನಿಗೆ ಉಳಿದದ್ದು ಹಳೇ ಡ್ರೈವರುಗಳ ಉಪಾಯ. ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ; ಅದನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಬಿಸಿ ಒಂದಷ್ಟು ಇತ್ತ ಬರುತ್ತದೆ. ಹೀಗಾಗಿ ಜುಲೈ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಎರಡೂ ಗಾಜು ಇಳಿಸಿ, ಮೊಣಕಾಲಿಗೆ ಹೀಟರ್ ಬಿಟ್ಟುಕೊಂಡು ಅವನು ಊರು ಸುತ್ತುತ್ತಾನೆ. ಹೆಂಡತಿ ತನ್ನ ಕಾರಿನಲ್ಲಿ ಎಸಿ ಹಾಕಿಕೊಂಡು ಹಿಂದೆ ಬರುತ್ತಾಳೆ.