ಸಮಾಧಿಭೂಮಿಗೂ ಟೈಲ್ಸ್ ಹಾಸಬಯಸುವ ಸಜ್ಜನರಿಗೆ

ಮಾನ್ಯ ಸ್ವಚ್ಛತಾಪ್ರಿಯರೇ,

ಚೆನ್ನೈಯ ಮೈಲಾಪುರದ ದಕ್ಷಿಣದಂಚಿನಲ್ಲಿ, ಅಡ್ಯಾರ್ ಅಳಿವೆಯ ಬಳಿ, ಕ್ವಿಬಲ್ ಐಲ್ಯಾಂಡ್ ಎಂಬ ಹಳೆಯ ಕ್ರೈಸ್ತ ಸಮಾಧಿಭೂಮಿಯಿದೆ. ಇಂಥ ಜಾಗ ಕಂಡರೆ ನಿಮ್ಮ ಕೈ ತುರಿಸುತ್ತದೆಂಬುದು ಊರಿಗೇ ಗೊತ್ತು. ಹುಲ್ಲು ಹೆರೆದು, ಪೊಟರೆಬಿದ್ದ ಮರ ಉರುಳಿಸಿ, ನೆಲಕ್ಕೆಲ್ಲ ಟೈಲ್ಸ್ ಹಾಸಿ, ಬೆಳಗಾಗುವವರೆಗೆ ಉರಿಯುವ ದೀಪ ನೆಟ್ಟರೆ ಸತ್ತವರಿಗೂ ಸ್ಮಾರ್ಟ್ ಸಿಟಿಯ ಸುಖ ಸಿಕ್ಕೀತು. ಪಾಪ, ಇಷ್ಟು ವರ್ಷ ಕತ್ತಲಲ್ಲಿ ಪೇಪರ್ ಓದಲಾಗದೆ ಎಷ್ಟು ಕಷ್ಟಪಟ್ಟರೋ! ಆದರೆ ಲೆಕ್ಕವೊಂದನ್ನು ನೋಡಿ. ಅಲ್ಲೇ ಸಮೀಪದಲ್ಲಿ, ಕಟ್ಟಡದ ಕಸ ಸುರಿದು ಕೆಡಿಸಿದ್ದ ಅಡ್ಯಾರ್ ತೊರೆಯ 58 ಎಕರೆಯನ್ನು ಸರ್ಕಾರ ದುಡ್ಡು ಸುರಿದು ಸರಿಪಡಿಸಿ, ಗಿಡ ನೆಟ್ಟು, 2011ರಲ್ಲಿ ತೊಲ್ಕಾಪ್ಪಿಯ ಪೂಂಗಾ ಎಂಬ ಉದ್ಯಾನವಾಗಿ ತೆರೆಯಿತು. ಒಂದೆಡೆ ಕಾಡನ್ನು ಕಾಸು ಕೊಟ್ಟು ಬೆಳೆಸುವುದು, ಪಕ್ಕದಲ್ಲೇ ಬಿಟ್ಟಿ ಬೆಳೆದದ್ದನ್ನು ಕೂಲಿ ಕೊಟ್ಟು ಕೀಳಿಸುವುದು. ಈ ಗಣಿತ ನಿಮಗೇ ಒಲಿದದ್ದು.

ಹಾಗೆಂದು ಪಾಳುಬಿಡಿ ಎನ್ನುತ್ತಿಲ್ಲ. ಪಾಳುಬಿಟ್ಟರೆ ಬಳ್ಳಾರಿ ಜಾಲಿ ಎಲ್ಲವನ್ನೂ ನುಂಗುತ್ತದೆ, ಅದನ್ನು ಕೀಳಲೇಬೇಕು. ನವೆಂಬರ್ 2ರ ಮೃತರ ಸ್ಮರಣೆಗೆ ಬರುವ ಕುಟುಂಬಗಳಿಗೆ ದಾರಿ, ಶಿಲುಬೆ, ಹೆಸರು ಕಾಣಲೇಬೇಕು. ಆದರೆ ಚೆನ್ನೈಗೆ ಹಿಂಗಾರು ಇಳಿಯುವುದೂ, ಹುಲ್ಲು ಚಿಗುರಿ ಹುಳುಹುಪ್ಪಟೆ ಹೆಚ್ಚುವುದೂ ಅದೇ ಹೊತ್ತಿಗೆ. ಆದ್ದರಿಂದ ದಾರಿ ಮತ್ತು ಜನ ಬರುವ ಸಮಾಧಿಗಳನ್ನಷ್ಟೇ ಆಗ ಸವರಿ, ಗೋಡೆಯಂಚನ್ನೂ ವಾರಸುದಾರರಿಲ್ಲದ ಮೂಲೆಗಳನ್ನೂ ಬೀಜ ಉದುರುವವರೆಗೆ, ಸಂಕ್ರಾಂತಿ ಕಳೆಯುವವರೆಗೆ, ಬಿಡಬಹುದು. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಸ್ಮಶಾನದಲ್ಲಿ 1966ರಲ್ಲಿ ಹೂಳುವುದು ನಿಂತಿತು. ಇಂದು ಅದು ಘೋಷಿತ ನಿಸರ್ಗಧಾಮ. ವಿಯೆನ್ನಾದ ಕೇಂದ್ರ ಸ್ಮಶಾನದಲ್ಲಿ ಅಳಿವಿನಂಚಿನ ಹ್ಯಾಮ್‌ಸ್ಟರ್‌ಗಳು ಸಮಾಧಿಯ ಮೇಣದ ದೀಪಗಳನ್ನೇ ಮೆಲ್ಲುತ್ತವೆ. ಅಲ್ಲಿ ಯಾವ ಹಿರಿಯರೂ ಎದ್ದುಬಂದು ದೂರು ಕೊಟ್ಟಿಲ್ಲ.

ಮೃತರಿಗೆ ಅಗೌರವವಲ್ಲವೇ ಎನ್ನುತ್ತೀರಿ. ನಮ್ಮ ಬುಡಬುಡಿಕೆಯವರು ಹಾಲಕ್ಕಿಯ ನುಡಿ ಕೇಳಲು ನಸುಕಿನಲ್ಲಿ ಸ್ಮಶಾನಕ್ಕೇ ಹೋಗುತ್ತಿದ್ದರು. ಗೂಬೆಯ ಜಾತಿಯ ಆ ಪುಟ್ಟ ಹಕ್ಕಿಗೆ ಪೊಟರೆಯೇ ಮನೆ. ಮರ ಉರುಳಿಸಿದರೆ ಶಕುನ ಹೇಳಲು ನಿಮ್ಮ ಕಂಟ್ರಾಕ್ಟರನೇ ಗತಿ. ಹಾವು ಎನ್ನುತ್ತೀರಿ: ವಿಷವಿಲ್ಲದ ಕೇರೆ ಇಲಿ ಹಿಡಿಯಲು ಬಿಲ್ಲು ಕಳಿಸುವುದಿಲ್ಲ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಹುಲ್ಲಿನಲ್ಲಲ್ಲ, ನಾವೇ ಬಿಟ್ಟುಬಂದ ಹೂದಾನಿಯ ನೀರಿನಲ್ಲಿ. ಹೂಳಲು ಜಾಗವಿಲ್ಲ ಎಂಬ ಮಾತೊಂದೇ ತೂಕದ್ದು; ಚೆನ್ನೈಯಲ್ಲಿ ಆ ಕೊರತೆ ನಿಜ. ಆದರೆ ಟೈಲ್ಸ್ ಹಾಸಿದರೆ ಒಂದಡಿಯೂ ಹೆಚ್ಚುವುದಿಲ್ಲ, ಮಳೆನೀರು ಇಂಗುವ ನೆಲ ಮಾತ್ರ ಕಡಿಮೆಯಾಗುತ್ತದೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಊರೊಳಗೆ ನುಗ್ಗಿದ್ದು ನಿಮಗೂ ನೆನಪಿರಬೇಕು.

ಟೈಲ್ಸ್ ಈಗಾಗಲೇ ಖರೀದಿಯಾಗಿದ್ದರೆ ಚಿಂತೆ ಬೇಡ. ಮೈಲಾಪುರದ ಕಿತ್ತುಹೋದ ಫುಟ್‌ಪಾತುಗಳಿಗೆ ಹಾಸಿ. ಅಲ್ಲಿ ನಡೆಯುವವರು, ಸದ್ಯಕ್ಕೆ, ಬದುಕಿದ್ದಾರೆ.

ಇತಿ,
ಹುಲ್ಲಿನ ಪರವಾಗಿ ಒಬ್ಬ ವಕಾಲತ್ತುದಾರ